ತವರಿನ ಹೆಸರು

ನಮ್ಮ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸುವ ಸಿಲ್ವರ್ ಓಕ್ ಮರದ ತವರು ಆಸ್ಟ್ರೇಲಿಯಾ. ಮೂಡಿಗೆರೆಯಿಂದ ಕೊಟ್ಟಿಗೆಹಾರದ ಮೇಲೆ ಕಳಸಕ್ಕೆ ಬಸ್ಸಿನಲ್ಲಿ ಹೋದವರಿಗೆಲ್ಲ ಈ ಮರದ ಪರಿಚಯ ಇದ್ದೇ ಇರುತ್ತದೆ. ನೆಟ್ಟಗೆ ಬೆಳೆದ ಕಾಂಡ, ಅದನ್ನು ತಬ್ಬಿ ಏರಿದ ಮೆಣಸಿನ ಬಳ್ಳಿ, ಗಾಳಿ ಬೀಸಿದಾಗ ಬೆಳ್ಳಿಯಂತೆ ಮಿಂಚುವ ಎಲೆಯ ಹಿಂಬದಿ. ಬ್ರಿಟಿಷರ ಕಾಲದಲ್ಲಿ ಬಂದ ಮರ ಇದು. ಹಲಸು, ಅತ್ತಿ, ಬಸರಿಗಳ ನಡುವೆ ಮನೆಗೆ ಬಂದ ಸೊಸೆಯ ಹಾಗೆ ಹೊಂದಿಕೊಂಡುಬಿಟ್ಟಿದೆ. ಇದು ಬೇರೆ ಕಡೆಯದು ಎಂಬುದೇ ನಮಗೆ ಮರೆತುಹೋಗಿದೆ.

ಮರದ ತವರು ಯಾವುದೆಂದು ತಿಳಿಯಬೇಕಾದರೆ ಸಸ್ಯಶಾಸ್ತ್ರದ ಒಂದು ಪುಸ್ತಕ ತೆರೆದರೆ ಸಾಕು. ಮನುಷ್ಯರದ್ದು ಅಷ್ಟು ಸುಲಭವಲ್ಲ. ಆಸ್ಟ್ರೇಲಿಯಾದಲ್ಲಿ ಇಂದು ಸಾವಿರಾರು ಮಂದಿ ತಮ್ಮ ಅಜ್ಜ, ಮುತ್ತಜ್ಜಂದಿರ ಜಾಡು ಹಿಡಿದು ಹುಡುಕುತ್ತಾರೆ. ಕೆಲಸದಿಂದ ನಿವೃತ್ತರಾದವರು, ಮಕ್ಕಳು ದೊಡ್ಡವರಾಗಿ ಮನೆ ಬಿಟ್ಟ ಮೇಲೆ ಬಿಡುವಾದ ತಾಯಂದಿರು, ಇಂಥವರೇ ಹೆಚ್ಚು. ಕೆಲವರ ಜಾಡು ನೇರವಾಗಿ ಸ್ಕಾಟ್ಲೆಂಡಿನ, ಇಂಗ್ಲೆಂಡಿನ ಹಳ್ಳಿಗೆ ಹೋಗಿ ನಿಲ್ಲುತ್ತದೆ. ಇನ್ನು ಕೆಲವರದ್ದು ದಾರಿಯಲ್ಲಿ ಒಂದೆರಡು ತಲೆಮಾರು ನಮ್ಮ ದೇಶದಲ್ಲಿ ತಂಗಿ ಮುಂದೆ ಹೋಗುತ್ತದೆ. ಬೆಂಗಳೂರು, ಕೋಲಾರದ ಚಿನ್ನದ ಗಣಿ, ನಮ್ಮ ಈ ಕಾಫಿಯ ಬೆಟ್ಟಗಳು, ಇವೆಲ್ಲ ಅಂಥ ತಂಗುದಾಣಗಳು. ಇವರ ಹುಡುಕಾಟದ ರೀತಿಯನ್ನು ಓದಿ ತಿಳಿಯುತ್ತ ಹೋದಂತೆ ನನ್ನನ್ನು ಒಂದು ಪ್ರಶ್ನೆ ಕಾಡತೊಡಗಿತು. ಹುಡುಕುವವರಿಗೆ ಇಲ್ಲಿದ್ದ ಅಜ್ಜ ಸಿಗುತ್ತಾನೆ. ಅಜ್ಜಿ ಏಕೆ ಸಿಗುವುದಿಲ್ಲ?

ಮೊದಲು ಅಜ್ಜಂದಿರ ವಿಷಯ. 17ನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಸಂತರು ಯೆಮೆನ್ನಿನ ಮೋಕಾ ಬಂದರಿನಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಕತೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆಮೇಲೆ ಬಹುಕಾಲ ಕಾಫಿ ಮನೆಯ ಹಿತ್ತಲಿನ ಗಿಡವಾಗಿಯೇ ಇತ್ತು. 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರ ಕೈಗೆ ಹೋಯಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಕ್ಯಾನನ್ ಎಂಬ ಯುರೋಪಿಯನ್ ಚಿಕ್ಕಮಗಳೂರಿನ ಬಳಿ, ಬಾಬಾಬುಡನ್ ಗಿರಿಯ ದಕ್ಷಿಣಕ್ಕೆ, ದೊಡ್ಡ ಪ್ರಮಾಣದಲ್ಲಿ ಕಾಫಿ ಹಾಕಿದ. ಅವನ ತೋಟ ಗೆದ್ದಿತೆಂಬ ಸುದ್ದಿ ಹರಡಿತು. 1843ರಲ್ಲಿ ಗ್ರೀನ್ ಎಂಬಾತ ಪಕ್ಕದ ಮಂಜರಾಬಾದಿನಲ್ಲಿ, ಅಂದರೆ ಇಂದಿನ ಸಕಲೇಶಪುರದ ಸೀಮೆಯಲ್ಲಿ, ತೋಟ ಮಾಡಿದ. ಆಮೇಲೆ ಒಬ್ಬರ ಹಿಂದೆ ಒಬ್ಬರು ಬಂದರು. ನಮ್ಮವರು ಅವರನ್ನು ದೊರೆ ಎಂದರು. ಅವರ ಹೆಂಡಂದಿರನ್ನು ದೊರೆಸಾನಿ ಎಂದರು. ದೊರೆಗಳು ಹೋಗಿ ಎಷ್ಟೋ ವರ್ಷವಾದರೂ 'ದೊರೆ ತೋಟ', 'ದೊರೆ ಬಂಗಲೆ' ಎಂಬ ಮಾತು ನಮ್ಮ ಬಾಯಿಂದ ಹೋಗಿಲ್ಲ.

ಇವರಲ್ಲಿ ಸ್ಕಾಟ್ಲೆಂಡಿನವರೂ ಇದ್ದರು. ರಾಬರ್ಟ್ ಎಲಿಯಟ್ ಎಂಬಾತ 1856ರ ಸುಮಾರಿಗೆ, ಇನ್ನೂ ಇಪ್ಪತ್ತು ತುಂಬದ ಹುಡುಗ, ಮಂಜರಾಬಾದಿಗೆ ಬಂದು ಕಾಡು ಕಡಿಸಿ ತೋಟ ಮಾಡಿದ. ಮೈಸೂರಿನ ಕಾಡುಗಳಲ್ಲಿ ತೋಟಗಾರನಾಗಿ ಕಂಡದ್ದನ್ನು 1871ರಲ್ಲಿ ಪುಸ್ತಕ ಮಾಡಿದ. 1894ರಲ್ಲಿ ಇನ್ನೊಂದು ಬರೆದ. ಕೊನೆಗೆ ಸ್ಕಾಟ್ಲೆಂಡಿನ ಕೆಲ್ಸೋ ಊರಿನ ಬಳಿಯ ತನ್ನ ಜಮೀನಿನಲ್ಲಿ ಹುಲ್ಲು ಬೆಳೆಸಿ ಮಣ್ಣು ಸುಧಾರಿಸುವ ಪ್ರಯೋಗ ಮಾಡಿ ಅಲ್ಲಿಯೂ ಹೆಸರು ಗಳಿಸಿದ. ಇನ್ನೊಬ್ಬ ತೋಟಗಾರ ಕೆಂಟ್. ಎಲೆಗೆ ಕಿತ್ತಳೆ ಬಣ್ಣದ ಪುಡಿ ಹತ್ತಿ ತೋಟಕ್ಕೆ ತೋಟವೇ ಬೋಳಾಗುವ ತುಕ್ಕುರೋಗ ನಿಮಗೆ ಗೊತ್ತಲ್ಲ? 20ನೆಯ ಶತಮಾನದ ಆರಂಭದಲ್ಲಿ ಆ ರೋಗವನ್ನು ತಡೆದು ನಿಂತ ಒಂದು ಗಿಡವನ್ನು ಅವನು ಗುರುತಿಸಿ ಬೀಜ ಮಾಡಿದ. ಅದು 'ಕೆಂಟ್ಸ್' ತಳಿಯಾಯಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ ಶುರುವಾಯಿತು. ಅಲ್ಲಿ ಈ ಕೆಂಟ್ಸ್ ತಳಿಯನ್ನೇ ಒಂದು ಕಡೆಯ ಸಂಬಂಧವಾಗಿ ಹಿಡಿದು ಎಸ್ 795 ಎಂಬ ತಳಿಯನ್ನು ಬೆಳೆಸಿದರು. ಇಂದಿಗೂ ನಮ್ಮ ತೋಟಗಳಲ್ಲಿ ಅರೇಬಿಕಾ ಎಂದರೆ ಬಹುಪಾಲು ಅದರದೇ ನೆನಪು. ಹೀಗೆ ಒಬ್ಬನ ಹೆಸರು ಪುಸ್ತಕದಲ್ಲಿ ಉಳಿಯಿತು, ಇನ್ನೊಬ್ಬನದು ಗಿಡದಲ್ಲಿ.

ಇದೇ 19ನೆಯ ಶತಮಾನದಲ್ಲಿ ಅವರ ದೇಶದಿಂದ ಇನ್ನೊಂದು ಬಗೆಯ ಜನ ಆಸ್ಟ್ರೇಲಿಯಾದ ಹಡಗು ಹತ್ತುತ್ತಿದ್ದರು. ನಮ್ಮ ಕಡೆ ಬಂದವರು ಕೈಯಲ್ಲಿ ಒಂದಿಷ್ಟು ಹಣ ಹಿಡಿದು ಬಂದರೆ ಅವರು ಬರಿಗೈಯಲ್ಲಿ ಹೋದರು. ಸ್ಕಾಟ್ಲೆಂಡಿನ ಉತ್ತರದ ಬೆಟ್ಟಗಳಲ್ಲಿ ಜಮೀನ್ದಾರರು ಕುರಿ ಸಾಕುವುದು ಲಾಭವೆಂದು ಒಕ್ಕಲುಗಳನ್ನು ಎಬ್ಬಿಸಿದರು. 1846ರಿಂದ ಆಲೂಗೆಡ್ಡೆಗೆ ರೋಗ ಬಿದ್ದು ಹೊಟ್ಟೆಗೆ ಇಲ್ಲದಾಯಿತು. 1852ರಿಂದ 1857ರವರೆಗೆ ಒಂದು ವಲಸೆ ಸಂಘವೇ ಆ ಬೆಟ್ಟಗಳ ಮತ್ತು ದ್ವೀಪಗಳ ಸುಮಾರು 5,000 ಜನರನ್ನು ಆಸ್ಟ್ರೇಲಿಯಾಕ್ಕೆ ಕಳುಹಿಸಿತು. ಅದಕ್ಕೂ ಮೊದಲು, 1788ರಿಂದಲೇ, ಕೈದಿಗಳ ಹಡಗುಗಳು ಹೋಗುತ್ತಿದ್ದವು. 1868ರಲ್ಲಿ ಅದು ನಿಲ್ಲುವ ಹೊತ್ತಿಗೆ ಸುಮಾರು 1,62,000 ಕೈದಿಗಳು ಹೋಗಿ ಇಳಿದಿದ್ದರು. ಅವರಲ್ಲಿ ಸುಮಾರು 25,000 ಮಂದಿ ಹೆಂಗಸರು. ಎಷ್ಟೋ ಜನರ ಅಪರಾಧ ಒಂದು ತುಂಡು ಬಟ್ಟೆ ಕದ್ದದ್ದು, ಯಜಮಾನಿಯ ಮನೆಯ ಚಮಚ ಕದ್ದದ್ದು, ಇಷ್ಟೇ.

ಬಹಳ ಕಾಲ ಆಸ್ಟ್ರೇಲಿಯಾದ ಮನೆಗಳಲ್ಲಿ ಇದನ್ನು ಯಾರೂ ಬಾಯಿಬಿಡುತ್ತಿರಲಿಲ್ಲ. ಅಜ್ಜಿ ಕೈದಿಯಾಗಿ ಬಂದವಳು ಎಂದರೆ ಮಗಳಿಗೆ ಗಂಡು ಸಿಗುವುದು ಕಷ್ಟ! ನಮ್ಮಲ್ಲಿ ಮನೆತನದ ವಿಷಯ ಮುಚ್ಚಿಡುವ ಹಾಗೆಯೇ ಅವರೂ ಮುಚ್ಚಿಟ್ಟರು. 20ನೆಯ ಶತಮಾನದ ಕೊನೆಯ ಭಾಗದಲ್ಲಿ ಗಾಳಿ ತಿರುಗಿತು. ಮೊಮ್ಮಕ್ಕಳು ಮರಿಮಕ್ಕಳು ಹಳೆಯ ಪುಸ್ತಕ ಬಿಚ್ಚಿ ನೋಡಿ, ನಮ್ಮ ಮುತ್ತಜ್ಜಿ ಇಂಥ ಹಡಗಿನಲ್ಲಿ ಬಂದಳೆಂದು ಹೆಮ್ಮೆಯಿಂದ ಹೇಳತೊಡಗಿದರು. ಕ್ರಿಸ್ಟಿನಾ ಹೆನ್ರಿ ಎಂಬ ಕಲಾವಿದೆ ಒಂದು ಕೆಲಸ ಹಮ್ಮಿಕೊಂಡರು. ಕೈದಿಯಾಗಿ ಹೋದ ಒಬ್ಬೊಬ್ಬ ಹೆಂಗಸಿಗೂ ಒಂದೊಂದು ಬಟ್ಟೆಯ ಟೋಪಿ, ನಮ್ಮ ಮಕ್ಕಳ ಕುಲಾವಿಯಂಥದ್ದು. ಅವಳ ಹೆಸರು, ಅವಳು ಬಂದ ಹಡಗಿನ ಹೆಸರು ಅದರ ಮೇಲೆ ಕಸೂತಿ. ಅವರು ಲೆಕ್ಕ ಹಿಡಿದದ್ದು 25,566 ಹೆಸರು. ಬೇರೆ ಬೇರೆ ದೇಶದ ಹೆಂಗಸರು ತಮ್ಮ ತಮ್ಮ ಮನೆಯಲ್ಲಿ ಕೂತು ಹೊಲಿದು ಕಳುಹಿಸಿದರು. ಸೂಜಿ ದಾರ ಹಿಡಿದು ಒಬ್ಬಳ ಹೆಸರನ್ನು ಅಕ್ಷರ ಅಕ್ಷರವಾಗಿ ಬರೆಯುವಾಗ ಅವಳು ಅಪರಿಚಿತಳಾಗಿ ಉಳಿಯುವುದಿಲ್ಲ ಎಂದು ಕಸೂತಿ ಬಲ್ಲ ನಿಮಗೆ ನಾನು ಹೇಳಬೇಕಾಗಿಲ್ಲ.

ಇಷ್ಟು ಜನರ ಹೆಸರು ಸಿಕ್ಕಿದ್ದು ಹೇಗೆ? ಆ ಸರ್ಕಾರಗಳಿಗೆ ಬರೆದಿಡುವ ಹುಚ್ಚು. ಕೈದಿಯ ಎತ್ತರ, ಕಣ್ಣಿನ ಬಣ್ಣ, ಮೈಮೇಲಿನ ಮಚ್ಚೆ ಕೂಡ ಬರೆದುಕೊಂಡರು. ವಿಕ್ಟೋರಿಯಾದಲ್ಲಿ 1853ರಿಂದ, ನ್ಯೂ ಸೌತ್ ವೇಲ್ಸಿನಲ್ಲಿ 1856ರಿಂದ ಜನನ ಮರಣಗಳನ್ನು ಸರ್ಕಾರವೇ ಬರೆದಿಡತೊಡಗಿತು. ಅಲ್ಲಿಯ ಮರಣ ಪತ್ರ ಒಂದು ಸಣ್ಣ ಜೀವನ ಚರಿತ್ರೆಯಂತಿದೆ. ಸತ್ತವರು ಹುಟ್ಟಿದ ಊರು, ಬಂದು ಎಷ್ಟು ವರ್ಷವಾಯಿತು, ತಂದೆಯ ಹೆಸರು ಮತ್ತು ಕಸುಬು, ಮದುವೆ ಎಲ್ಲಿ ಯಾರೊಡನೆ, ಮಕ್ಕಳೆಷ್ಟು, ಅವರ ವಯಸ್ಸೆಷ್ಟು, ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಜೊತೆಗೆ ಇನ್ನೊಂದು: ತಾಯಿಯ ಹೆಸರು ಮತ್ತು ತಾಯಿಯ ತವರುಮನೆಯ ಹೆಸರು. ಆ ಒಂದು ಸಾಲು ಇರುವುದರಿಂದಲೇ ಎಷ್ಟೋ ಕುಟುಂಬಗಳಿಗೆ ಹಿಂದಿನ ತಲೆಮಾರಿನ ಬಾಗಿಲು ತೆರೆಯುತ್ತದೆ.

ಸ್ಕಾಟ್ಲೆಂಡಿನಲ್ಲಿ ಇದು ಇನ್ನೂ ಚೆನ್ನಾಗಿದೆ. ಅಲ್ಲಿ ಮದುವೆಯಾದ ಹೆಂಗಸು ಗಂಡನ ಮನೆಯ ಹೆಸರಿಟ್ಟುಕೊಂಡರೂ ಕಾಗದಪತ್ರಗಳಲ್ಲಿ ತವರಿನ ಹೆಸರನ್ನು ಬಿಡುತ್ತಿರಲಿಲ್ಲ. ಗೋರಿಕಲ್ಲಿನ ಮೇಲೂ ಅವಳದು ತವರಿನ ಹೆಸರೇ. ಹೆಸರಿಡುವುದರಲ್ಲೂ ಒಂದು ಪದ್ಧತಿ: ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು; ಮೊದಲ ಮಗಳಿಗೆ ತಾಯಿಯ ತಾಯಿಯ ಹೆಸರು, ಎರಡನೆಯವಳಿಗೆ ತಂದೆಯ ತಾಯಿಯದು. ಎಲ್ಲರೂ ತಪ್ಪದೆ ಪಾಲಿಸಿದರೆಂದಲ್ಲ. ಆದರೂ ಹಿರಿಯ ಮಗಳ ಹೆಸರು ನೋಡಿ, ಇದು ಅಮ್ಮನ ಅಮ್ಮನ ಹೆಸರಿರಬೇಕು ಎಂದು ಊಹಿಸಿ ಹುಡುಕಬಹುದು. ಅಜ್ಜ ಅಜ್ಜಿಯರ ಹೆಸರನ್ನು ಮಕ್ಕಳಿಗಿಡುವ ನಮಗೆ ಇದೇನೂ ಹೊಸದಾಗಿ ಕಾಣಲಾರದು.

ನಮ್ಮ ದೇಶದಲ್ಲಿದ್ದ ಬ್ರಿಟಿಷರಿಗೂ ಹೀಗೆಯೇ ಲೆಕ್ಕ ಇತ್ತು. ಚರ್ಚಿನಲ್ಲಿ ಮಗುವಿಗೆ ದೀಕ್ಷಾಸ್ನಾನವಾದರೆ, ಮದುವೆಯಾದರೆ, ಯಾರಾದರೂ ಸತ್ತರೆ ಪಾದ್ರಿಗಳು ಪುಸ್ತಕದಲ್ಲಿ ಬರೆಯುತ್ತಿದ್ದರು. ಅದರ ಪ್ರತಿಯನ್ನು ಮದರಾಸಿನ ಮೂಲಕ ಲಂಡನ್ನಿಗೆ ಕಳುಹಿಸುತ್ತಿದ್ದರು. ಮೈಸೂರು ಸೀಮೆಯ ಚರ್ಚುಗಳ ಲೆಕ್ಕವೂ ಮದರಾಸಿನ ಲೆಕ್ಕದಲ್ಲೇ ಸೇರಿದೆ. ಆ ಪುಸ್ತಕಗಳು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಮೆಲ್ಬೋರ್ನಿನಲ್ಲಿ ಮನೆಯಲ್ಲಿ ಕೂತೇ ಕಂಪ್ಯೂಟರಿನಲ್ಲಿ ಅವುಗಳ ಹಾಳೆ ತಿರುವಬಹುದು. ಗೋರಿಗಳದ್ದೂ ಲೆಕ್ಕ ಉಂಟು. ದಕ್ಷಿಣ ಏಷ್ಯಾದ ಬ್ರಿಟಿಷ್ ಸ್ಮಶಾನಗಳನ್ನು ನೋಡಿಕೊಳ್ಳಲೆಂದೇ 1976ರ ಸುಮಾರಿಗೆ ಲಂಡನ್ನಿನಲ್ಲಿ ಒಂದು ಸಂಘ ಹುಟ್ಟಿತು. ಗೋರಿಕಲ್ಲಿನ ಬರಹಗಳನ್ನು ಅವರು ಒಂದೊಂದಾಗಿ ಬರೆದಿಟ್ಟುಕೊಂಡಿದ್ದಾರೆ. ಹೀಗಾಗಿ ಮಲೇರಿಯಾದಲ್ಲಿ ಸತ್ತ ದೊರೆಯ ಎಳೆಗೂಸಿನ ಹೆಸರು ಕೂಡ ಎಲ್ಲೋ ಒಂದು ಕಡೆ ಉಳಿದಿರುತ್ತದೆ.

ಆದರೆ ದೊರೆಗಳ ಮಕ್ಕಳೆಲ್ಲ ದೊರೆಸಾನಿಯರ ಹೊಟ್ಟೆಯಲ್ಲೇ ಹುಟ್ಟಿದವರಲ್ಲ. ಈ ಮಾತನ್ನು ನಮ್ಮ ಕಡೆ ಹಿರಿಯರು ದನಿ ತಗ್ಗಿಸಿ ಆಡುತ್ತಿದ್ದರು. ಹಡಗಿನಲ್ಲಿ ಬರುತ್ತಿದ್ದವರು ಬಹುಪಾಲು ಮದುವೆಯಾಗದ ಗಂಡಸರು. ಬಂಗಲೆಯಲ್ಲಿ ಕೆಲಸಕ್ಕಿದ್ದವಳು, ತೋಟದ ಲೈನು ಮನೆಯವಳು, ಇಂಥ ಒಬ್ಬಳು ಅವನ ಮಕ್ಕಳ ತಾಯಿಯಾಗುತ್ತಿದ್ದಳು. ಅವಳ ಒಪ್ಪಿಗೆ ಎಷ್ಟಿತ್ತು, ನಿರುಪಾಯ ಎಷ್ಟಿತ್ತು ಎಂದು ಬರೆದಿಟ್ಟವರಿಲ್ಲ. ಕೆಲವರು ಮಕ್ಕಳಿಗೆ ತಮ್ಮ ಹೆಸರು ಕೊಟ್ಟು ಶಾಲೆಗೆ ಕಳುಹಿಸಿದರು; ಕೆಲವರು ಕೈ ಕೊಡವಿಕೊಂಡು ಹೊರಟರು. ದುರ್ಬಾ ಘೋಷ್ ಎಂಬ ಇತಿಹಾಸಕಾರ್ತಿ ಕಂಪನಿ ಕಾಲದ ಉಯಿಲುಗಳನ್ನೂ ಚರ್ಚಿನ ಪುಸ್ತಕಗಳನ್ನೂ ಕೋರ್ಟಿನ ಕಾಗದಗಳನ್ನೂ ಓದಿ 2006ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಅವರಿಗೆ ಎದ್ದು ಕಂಡದ್ದೇ ಈ ಹೆಂಗಸರ ಹೆಸರು ಇಲ್ಲದಿರುವುದು. ತಂದೆಯ ಹೆಸರು, ಹುದ್ದೆ, ಪಟಾಲಮ್ಮು ಎಲ್ಲ ಇರುತ್ತದೆ. ತಾಯಿಯ ಜಾಗದಲ್ಲಿ 'ದೇಶೀಯ ಹೆಂಗಸು' ಎಂದಿರುತ್ತದೆ. ಇಲ್ಲವೇ ಖಾಲಿ ಬಿಟ್ಟಿರುತ್ತದೆ. ಇಲ್ಲವೇ ಚರ್ಚಿನಲ್ಲಿ ಹೊಸದಾಗಿ ಇಟ್ಟ ಒಂದು ಹೆಸರು, ಹಿಂದೆ ಮುಂದೆ ಏನೂ ಇಲ್ಲದೆ.

ಕೆಲವು ವರ್ಷಗಳ ಹಿಂದೆ ನನ್ನ ಸೋದರತ್ತೆಯ ಮನೆಯಲ್ಲಿ ಇದನ್ನು ಕಣ್ಣಾರೆ ಕಂಡೆ. ಬೇಸಿಗೆ ರಜೆಗೆ ನಾನೂ ಅಲ್ಲಿದ್ದೆ. ಕಾಫಿ ಹೂವಾಗಿ ಉದುರಿ ಕಾಯಿ ಕಚ್ಚುವ ಕಾಲ. ಪಕ್ಕದ ತೋಟದ ಮೂಲೆಯಲ್ಲಿ ಪಾಚಿ ಹಿಡಿದ ಎರಡು ಗೋರಿಗಳಿವೆ. ಅದನ್ನು ನೋಡಲು ಆಸ್ಟ್ರೇಲಿಯಾದ ಪರ್ತ್ ನಗರದಿಂದ ಒಬ್ಬ ವಯಸ್ಸಾದ ಹೆಂಗಸು ಬಂದಿದ್ದರು. ಬಿಸಿಲಿಗೆ ಸುಸ್ತಾಗಿ ನಮ್ಮ ಅತ್ತೆಯ ಮನೆಯ ಜಗಲಿಗೆ ಬಂದು ಕೂತರು. ಅತ್ತೆ ಪುನರ್ಪುಳಿ ಪಾನಕ ಮಾಡಿ ಕೊಟ್ಟರು. ಆಕೆ ಚೀಲದಿಂದ ಕಾಗದದ ಕಟ್ಟು ತೆಗೆದು ಹರಡಿದರು. ಮುತ್ತಜ್ಜ ಸ್ಕಾಟ್ಲೆಂಡಿನವನು. ಅವನು ಹುಟ್ಟಿದ ಊರು, ಅವನ ತಾಯಿಯ ತವರಿನ ಹೆಸರು, ಅವನು ಹತ್ತಿದ ಹಡಗು, ಎಲ್ಲ ಸಿಕ್ಕಿದೆ. ಅವನ ಮಗಳ, ಎಂದರೆ ಈಕೆಯ ಅಜ್ಜಿಯ, ದೀಕ್ಷಾಸ್ನಾನದ ಹಾಳೆಯ ನಕಲೂ ಇದೆ. ಅದರಲ್ಲಿ ತಾಯಿಯ ಹೆಸರಿನ ಜಾಗದಲ್ಲಿ 'ಮೇರಿ' ಎಂದಿದೆ, ಅಷ್ಟೇ. ಈ ಕಡೆಯವಳೇ ಇರಬೇಕು ಎಂದರು.

ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅತ್ತೆ ಆ ಹಾಳೆಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಇಂಗ್ಲಿಷ್ ಓದಲು ಬಾರದವರು. ಆಮೇಲೆ ಕೇಳಿದರು:

"ಮೇರಿ ಅನ್ನೋದು ಆಮೇಲೆ ಇಟ್ಟ ಹೆಸರಲ್ವ? ಅವ್ವ ಕರೀತಿದ್ದ ಹೆಸರು ಏನಂತೆ? ಕೇಳು ಮಾರಾಯ್ತಿ."

ನಾನು ಕೇಳಿದೆ. ಆಕೆ ಏನೂ ಹೇಳಲಿಲ್ಲ. ತಮ್ಮ ಪುಸ್ತಕ ತೆಗೆದು ಆ ಪ್ರಶ್ನೆಯನ್ನೇ ಬರೆದುಕೊಂಡರು.

ಅತ್ತೆ ಆ ಪ್ರಶ್ನೆ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಮದುವೆಯ ದಿನ ಅವರ ಹೆಸರೂ ಬದಲಾಗಿತ್ತು. ಗಂಡನ ಮನೆಯಲ್ಲಿ ಅದೇ ಹೆಸರಿನ ಹಿರಿಯರೊಬ್ಬರು ಇದ್ದರೆಂದು ಹೊಸ ಹೆಸರಿಟ್ಟರು. ತವರಿನ ಹೆಸರಿನಿಂದ ಅವರನ್ನು ಕರೆಯುತ್ತಿದ್ದವರು ನನ್ನ ತಂದೆ ಒಬ್ಬರೇ. ತಂದೆ ಹೋದ ಮೇಲೆ ಆ ಹೆಸರನ್ನು ಕೂಗುವವರು ಇಲ್ಲ.

ಪರ್ತಿನಿಂದ ಬಂದ ಆ ಹೆಂಗಸಿನ ಮನೆಯವರಿಗೆ ಮುತ್ತಜ್ಜನ ಹೆಸರು ಮಾತ್ರ ಸಿಕ್ಕಿದರೆ ಸಾಕಾಗಿದ್ದ ಕಾಲವೊಂದಿತ್ತು. ಆ ಕತೆ ಹೇಳದೆ ಈ ವಿಷಯ ಪೂರ್ತಿಯಾಗದು. ತಂದೆಯ ಕಡೆಯಿಂದ ಯುರೋಪಿನವರಾದ ಇಂಥ ಮಕ್ಕಳ ಸಂತತಿಯನ್ನು ಆಂಗ್ಲೋ ಇಂಡಿಯನ್ನರು ಎನ್ನುತ್ತೇವೆ. ಆಂಗ್ಲೋ ಇಂಡಿಯನ್ ಎಂದರೆ ಯಾರೆಂದು 1935ರ ಭಾರತ ಸರ್ಕಾರ ಕಾಯ್ದೆಯಲ್ಲಿ ವಿವರಿಸಿದರು. ನಮ್ಮ ಸಂವಿಧಾನದ 366ನೆಯ ವಿಧಿಯಲ್ಲೂ ಅದೇ ವಿವರಣೆ ಇದೆ. ತಂದೆ, ಅಥವಾ ತಂದೆಯ ಕಡೆಯ ಗಂಡು ಸಂತಾನದ ಸಾಲಿನಲ್ಲಿ ಯಾರಾದರೊಬ್ಬ ಪೂರ್ವಜ, ಯುರೋಪಿನ ಮೂಲದವನಾಗಿರಬೇಕು. ತಾಯಿಯ ಕಡೆಯ ಮಾತೇ ಅಲ್ಲಿಲ್ಲ. ಕಾನೂನೇ ಹೀಗೆ ಹೇಳಿದ ಮೇಲೆ ಅಜ್ಜನ ಹೆಸರನ್ನು ಜೋಪಾನ ಮಾಡುವುದು, ಅಜ್ಜಿಯದನ್ನು ಬಿಡುವುದು ಸಹಜವಾಯಿತು.

1882ರಲ್ಲಿ ಮೈಸೂರು ಮಹಾರಾಜರು ಕೊಟ್ಟ ನೆಲದಲ್ಲಿ ಬೆಂಗಳೂರಿನ ಬಳಿ ಇವರಿಗಾಗಿಯೇ ವೈಟ್‌ಫೀಲ್ಡ್ ಹುಟ್ಟಿತು. ಕೋಲಾರದ ಗಣಿಯಲ್ಲಿ, ರೈಲ್ವೆಯಲ್ಲಿ, ತಂತಿ ಇಲಾಖೆಯಲ್ಲಿ ಇವರು ದುಡಿದರು. ಸ್ವಾತಂತ್ರ್ಯ ಬಂದಾಗ, ದೊರೆಗಳು ಹೋಗುತ್ತಿದ್ದಾರೆ, ನಮ್ಮ ಗತಿಯೇನು ಎಂಬ ಭಯ ಇವರಿಗೆ ಹುಟ್ಟಿತು. 1947ರ ಆಗಸ್ಟಿನಲ್ಲಿ ಮನೂರಾ ಎಂಬ ಹಡಗು ನೂರಾರು ಆಂಗ್ಲೋ ಇಂಡಿಯನ್ನರನ್ನು ಪಶ್ಚಿಮ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಂದರಿಗೆ ಇಳಿಸಿತು. ಅಲ್ಲಿ ಆಗ ಬಿಳಿಯರಿಗೆ ಮಾತ್ರ ಜಾಗ ಎಂಬ ನೀತಿ. 1901ರಿಂದ ಕಾಯ್ದೆಯಾಗಿದ್ದ ಆ ನೀತಿ ಪೂರ್ತಿ ಹೋದದ್ದು 1973ರಲ್ಲಿ. ಬಂದು ಇಳಿದವರ ಮೈಬಣ್ಣ ನೋಡಿ ಅಲ್ಲಿಯ ಅಧಿಕಾರಿಗಳು ಕಟ್ಟುನಿಟ್ಟು ಇನ್ನೂ ಬಿಗಿ ಮಾಡಿದರು. ಹೋಗಬೇಕೆನ್ನುವವರು ತಮ್ಮಲ್ಲಿ ಯುರೋಪಿನ ರಕ್ತದ ಪಾಲೇ ಹೆಚ್ಚೆಂದು ಕಾಗದ ತೋರಿಸಬೇಕಾಯಿತು.

ಈಗ ಯೋಚಿಸಿ ನೋಡಿ. ಇಂದು ಹವ್ಯಾಸವಾಗಿರುವ ವಂಶದ ಹುಡುಕಾಟ ಅವರಿಗೆ ಅನ್ನದ ಪ್ರಶ್ನೆಯಾಗಿತ್ತು. ಮನೆಯ ಟ್ರಂಕುಗಳೆಲ್ಲ ಹೊರಗೆ ಬಂದವು. ಸ್ಕಾಟ್ಲೆಂಡಿನ ಮುತ್ತಜ್ಜನ ಪತ್ರ, ಇಂಗ್ಲಿಷ್ ಪಟಾಲಮ್ಮಿನ ಅಜ್ಜನ ಬಿಡುಗಡೆ ಕಾಗದ, ಚರ್ಚಿನ ನಕಲು, ಒಂದೊಂದಕ್ಕೂ ಬೆಲೆ ಬಂತು. ಜೊತೆಗೆ ಅಜ್ಜಿಯನ್ನು ಮರೆಮಾಡಬೇಕಾಯಿತು. ಸೀರೆ ಉಟ್ಟ ಅಜ್ಜಿಯ ಪಟ ಗೋಡೆಯಿಂದ ಇಳಿದ ಮನೆಗಳಿವೆ. ನಮ್ಮ ಅಜ್ಜಿ ಪೋರ್ಚುಗೀಸಳು, ಸ್ಪೇನಿನವಳು, ಆದ್ದರಿಂದ ಈ ಬಣ್ಣ, ಎಂದು ಹೇಳುತ್ತಿದ್ದ ಮನೆಗಳಿವೆ. ಹಾಗೆ ಹೇಳಿದವರನ್ನು ನಾನು ತಪ್ಪೆನ್ನಲಾರೆ. ಮಕ್ಕಳ ಮುಂದಿನ ದಾರಿಗಾಗಿ ತಾಯಿಯೊಬ್ಬಳು ತನ್ನ ತಾಯಿಯ ಹೆಸರನ್ನೇ ನುಂಗಿಕೊಂಡಳೆಂದರೆ ಅವಳ ಹೊಟ್ಟೆಯ ಸಂಕಟ ಎಷ್ಟಿರಬೇಕು!

ಚಹಾ ತೋಟಗಳ ಕಡೆಯದು ಇನ್ನೊಂದು ಕತೆ. ಸ್ಕಾಟ್ಲೆಂಡಿನ ಪಾದ್ರಿ ಗ್ರಹಾಂ 1900ರಲ್ಲಿ ಡಾರ್ಜಿಲಿಂಗ್ ಬಳಿಯ ಕಾಲಿಂಪಾಂಗಿನಲ್ಲಿ, ಚಹಾ ತೋಟದ ದೊರೆಗಳಿಗೆ ಅಲ್ಲಿಯ ಹೆಂಗಸರಲ್ಲಿ ಹುಟ್ಟಿದ ಮಕ್ಕಳಿಗಾಗಿ ಒಂದು ಶಾಲೆ ತೆರೆದರು. ಮಕ್ಕಳನ್ನು ತಾಯಂದಿರಿಂದ ಬಿಡಿಸಿ ಅಲ್ಲಿಗೆ ಕಳುಹಿಸುತ್ತಿದ್ದರು. 1908ರಿಂದ 1938ರವರೆಗೆ ಅಲ್ಲಿ ಬೆಳೆದ 130 ಮಂದಿಯನ್ನು ನ್ಯೂಜಿಲೆಂಡಿಗೆ ಕಳುಹಿಸಲಾಯಿತು. ಹುಡುಗರು ಹೊಲದ ಕೆಲಸಕ್ಕೆ, ಹುಡುಗಿಯರು ಮನೆಗೆಲಸಕ್ಕೆ. ಅವರು ತಮ್ಮ ಮಕ್ಕಳಿಗೆ ಇಂಡಿಯಾದ ಮಾತನ್ನೇ ಎತ್ತಲಿಲ್ಲ. ಅಂಥ ಒಬ್ಬ ಹುಡುಗಿಯ ಮೊಮ್ಮಗಳು ಜೇನ್ ಮಕ್‌ಕೇಬ್. ಅಜ್ಜಿಯ ಜಾಡು ಹಿಡಿದು ಹೊರಟವರು ಇತಿಹಾಸಕಾರ್ತಿಯೇ ಆದರು. ಆ 130 ಜನರ ಕುಟುಂಬಗಳ ಕತೆಯನ್ನು 2017ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅಲ್ಲಿಯೂ ದೊರೆಗಳ ಪತ್ರಗಳು ಕಂತೆ ಕಂತೆಯಾಗಿ ಸಿಕ್ಕವು. ತೋಟದ ತಾಯಂದಿರ ಕೈಬರಹ ಯಾರಿಗೆ ಸಿಗಬೇಕು?

ಇತ್ತೀಚೆಗೆ ಒಂದು ಹೊಸ ದಾರಿ ತೆರೆದಿದೆ. ಜೊಲ್ಲನ್ನು ಒಂದು ಕೊಳವೆಗೆ ಹಾಕಿ ಕಳುಹಿಸಿದರೆ ಡಿಎನ್ಎ ನೋಡಿ ಪೂರ್ವಿಕರು ಯಾವ ಕಡೆಯವರೆಂದು ಹೇಳುವ ಪ್ರಯೋಗಾಲಯಗಳಿವೆ. ಪೋರ್ಚುಗೀಸ್ ಅಜ್ಜಿ ಎಂದು ಕೇಳಿಕೊಂಡು ಬೆಳೆದವರಿಗೆ ದಕ್ಷಿಣ ಭಾರತ ಎಂಬ ಉತ್ತರ ಬರುವುದುಂಟು. ನಮ್ಮ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯ ಎಂಬ ಸಣ್ಣ ಭಾಗವಿದೆ. ಅದರ ಡಿಎನ್ಎ ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ. ಮುಂದಕ್ಕೆ ಕೊಡುವವರು ಹೆಣ್ಣುಮಕ್ಕಳೇ. ತಾಯಿಗೆ ಅವಳ ತಾಯಿಯಿಂದ, ಅವಳಿಗೆ ಅವಳ ತಾಯಿಯಿಂದ, ಹೀಗೆ ತಡೆಯಿಲ್ಲದ ಹೆಣ್ಣಿನ ಸಾಲು. ಕಾನೂನು ಗಂಡಿನ ಸಾಲನ್ನು ಹಿಡಿಯಿತು, ಮೈ ಹೆಣ್ಣಿನ ಸಾಲನ್ನು ಹಿಡಿದುಕೊಂಡಿತು! ಆದರೂ ಆ ಪರೀಕ್ಷೆ ಊರಿನ ದಿಕ್ಕು ಹೇಳುತ್ತದೆಯೇ ಹೊರತು ಅವ್ವ ಕರೆಯುತ್ತಿದ್ದ ಹೆಸರನ್ನು ಹೇಳಲಾರದು.

ದೊರೆಗಳ ಲೆಕ್ಕದ ಪುಸ್ತಕವನ್ನು ದೂರುವ ಮುನ್ನ ನಮ್ಮ ಮನೆಯ ಕಡೆಗೂ ಒಮ್ಮೆ ನೋಡಬೇಕು. ವಂಶದ ಹೆಸರು ಹೇಳುವುದನ್ನೇ ಕುಲಕಸುಬು ಮಾಡಿಕೊಂಡ ಹೆಳವರು ನಮ್ಮ ನಾಡಿನಲ್ಲಿದ್ದಾರೆ. ಸುಗ್ಗಿ ಮುಗಿದ ಮೇಲೆ ಎತ್ತಿನೊಡನೆ ಬಂದು ಅಂಗಳದಲ್ಲಿ ನಿಂತು, ಈ ಮನೆಯ ಮೂಲಪುರುಷ ಇಂಥವನು, ಅವನ ಮಗ ಇಂಥವನು, ಇಂಥ ಊರಿನಿಂದ ಎದ್ದು ಇಂಥ ಊರಿಗೆ ಬಂದರು ಎಂದು ಪುಸ್ತಕ ನೋಡಿ ಓದುತ್ತಾರೆ. ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು ದವಸ, ಬಟ್ಟೆ, ಹಣ ತೆಗೆದುಕೊಂಡು ಹೋಗುತ್ತಾರೆ. ಯಾವ ಬ್ರಿಟಿಷ್ ಲೈಬ್ರರಿಗೂ ಕಡಿಮೆಯಲ್ಲದ ವಿದ್ಯೆ ಅದು. ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೂ ಬರುತ್ತಿದ್ದರು. ಕಂಬಕ್ಕೆ ಒರಗಿ ಬಾಯಿಬಿಟ್ಟು ಕೇಳುತ್ತಿದ್ದೆ. ಏಳು ತಲೆಮಾರು ಓದುತ್ತಿದ್ದರು. ಆ ಏಳರಲ್ಲೂ ನಮ್ಮ ಮನೆಯ ಪುಸ್ತಕದಲ್ಲಿ ಗಂಡಸರೇ. ಮೊರದಲ್ಲಿ ಅಕ್ಕಿ ತಂದು ಸುರಿಯುತ್ತಿದ್ದ ನನ್ನ ಅಜ್ಜಿಯ ಹೆಸರು ಅದರಲ್ಲಿರಲಿಲ್ಲ.

ಇದು ಬರೀ ಭಾವನೆಯ ಮಾತಲ್ಲ. ಮನೆಯ ಯಜಮಾನರು ತೀರಿಕೊಂಡರೆ ತೋಟದ ಖಾತೆ ಬದಲಾಯಿಸಲು ವಂಶವೃಕ್ಷ ಬೇಕು. ಅದರಲ್ಲಿ ಹೆಣ್ಣುಮಕ್ಕಳ ಹೆಸರನ್ನು ಬಿಟ್ಟು ಬರೆಸಿಕೊಂಡು ಬಂದ ಸಂಗತಿ ನಮ್ಮ ನಮ್ಮ ಬಳಗದಲ್ಲೇ ಸಿಗುತ್ತದೆ. ಮೈಸೂರು ಸಂಸ್ಥಾನ 1933ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಆಸ್ತಿ ಹಕ್ಕಿನ ಕಾಯ್ದೆ ಮಾಡಿತ್ತು. ಕರ್ನಾಟಕದಲ್ಲಿ 1994ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಎಂದಿತು. ಮದುವೆ ಮೊದಲೇ ಆಗಿದ್ದವರನ್ನು ಹೊರಗಿಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳನ್ನೂ ಒಳಗೆ ತಂದಿತು. ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿತು. ಕಾನೂನು ಇಷ್ಟು ದೂರ ನಡೆದು ಬಂದಿದೆ. ಆದರೆ ಮರದಲ್ಲಿ ಹೆಸರೇ ಇಲ್ಲದವಳು ಯಾವ ಕೊಂಬೆ ಹಿಡಿದು ಪಾಲು ಕೇಳಬೇಕು? ಪಾಲು ಬೇಡವೆನ್ನುವವರು ಬೇಡವೆನ್ನಲಿ. ಹೆಸರು ಮಾತ್ರ ಇರಲಿ.

ಅತ್ತೆಯ ಪ್ರಶ್ನೆಗೆ ಪರ್ತಿನ ಆ ಹೆಂಗಸಿಗೆ ಉತ್ತರ ಸಿಗುವುದೋ ಇಲ್ಲವೋ. ನಮ್ಮ ಪ್ರಶ್ನೆಗೆ ಉತ್ತರ ಹೇಳುವವರು ಇನ್ನೂ ನಮ್ಮ ಅಡಿಗೆಮನೆಯಲ್ಲಿ, ಜಗಲಿಯಲ್ಲಿ ಕೂತಿದ್ದಾರೆ. ಅವರನ್ನು ಕೇಳಿಟ್ಟುಕೊಳ್ಳಲು ಲಂಡನ್ನಿಗೆ ಹೋಗಬೇಕಾಗಿಲ್ಲ. ನಿಮ್ಮ ಅಮ್ಮನ ಹೆಸರು, ಅವರ ಅಮ್ಮನ ಹೆಸರು, ಅವರ ಅಮ್ಮನ ಹೆಸರು. ಮದುವೆಗೆ ಮೊದಲು ಏನೆಂದು ಕರೆಯುತ್ತಿದ್ದರು, ತವರು ಯಾವ ಊರು, ಎಷ್ಟು ಮಕ್ಕಳು ಹುಟ್ಟಿದವು, ಎಷ್ಟು ಉಳಿದವು. ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆಯಾದರೂ ಸಾಕು. ದಿನಾಂಕ ಹಾಕಿ, ಹೇಳಿದವರು ಯಾರೆಂದು ಬರೆಯಿರಿ. ನೆನಪು ತಪ್ಪಿ ಇಬ್ಬರು ಎರಡು ಹೆಸರು ಹೇಳಿದರೆ ಎರಡನ್ನೂ ಬರೆಯಿರಿ.

ನನ್ನ ಪುಸ್ತಕದಲ್ಲಿ ಈವರೆಗೆ ನಾಲ್ಕು ಹೆಸರಿವೆ. ಅಮ್ಮ, ಅಜ್ಜಿ, ಮುತ್ತಜ್ಜಿ, ಅವರ ತಾಯಿ. ಅತ್ತೆಯದನ್ನೂ ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ತವರಿನ ಹೆಸರು ಮೊದಲು, ಗಂಡನ ಮನೆಯದು ಆಮೇಲೆ. ಅಮ್ಮನ ಸಾಲಿನಲ್ಲಿ ಐದನೆಯವರ ಹೆಸರು ಸಿಕ್ಕಿಲ್ಲ. ಕಳಸದ ಕಡೆಯಿಂದ ಬಂದವರು, ಬರುವಾಗ ಮಲ್ಲಿಗೆ ಬಳ್ಳಿಯೊಂದನ್ನು ಬಾಳೆಪಟ್ಟೆಯಲ್ಲಿ ಸುತ್ತಿ ತಂದಿದ್ದರಂತೆ. ಅಷ್ಟು ಬರೆದು ಹೆಸರಿಗೆ ಜಾಗ ಬಿಟ್ಟಿದ್ದೇನೆ.